ಒದ್ದೆ ಅಂಕಿ

ಕೂಲರ್ ಇಲ್ಲದ ಮನೆ ಹೊನಗುಡ್ಡದಲ್ಲಿ ಒಂದೂ ಇರಲಿಲ್ಲ. ಭೀಮಾ ನದಿಯ ದಂಡೆಯ ಆ ಊರಲ್ಲಿ ಹೋಳಿ ಹುಣ್ಣಿಮೆ ಕಳೆಯಿತೆಂದರೆ ಜನ ಮೊದಲು ಮಾಡುತ್ತಿದ್ದ ಕೆಲಸ ಅಟ್ಟದಿಂದ ಕೂಲರ್ ಇಳಿಸಿ, ಹಳೆಯ ಹುಲ್ಲು ಕಿತ್ತು ಹೊಸ ಹುಲ್ಲು ತುಂಬುವುದು. ಒದ್ದೆ ಹುಲ್ಲನ್ನು ಹಾದು ಬಂದ ಗಾಳಿ ತಂಪಾಗುತ್ತದೆ ಎಂಬುದನ್ನು ಅಲ್ಲಿ ಯಾರಿಗೂ ಶಾಲೆಯಲ್ಲಿ ಹೇಳಿಕೊಡಬೇಕಾಗಿರಲಿಲ್ಲ. ನೀರು ಆವಿಯಾಗಲು ಶಾಖ ಬೇಕು. ಆ ಶಾಖವನ್ನು ಅದು ಸುತ್ತಲಿನ ಗಾಳಿಯಿಂದಲೇ ಕಿತ್ತುಕೊಳ್ಳುತ್ತದೆ. ಇಷ್ಟೇ ವಿಷಯ.

ಹಾಗಾದರೆ ಇಡೀ ಊರನ್ನೇ ಒಂದು ಕೂಲರ್ ಮಾಡಿದರೆ ಹೇಗೆ?

ಈ ಪ್ರಶ್ನೆ ಹೊಳೆದದ್ದು ಸೂಗೂರೇಶನಿಗೆ. ಅವನು ಆ ಊರಲ್ಲೇ, ಶಹಾಬಾದ್ ಕಲ್ಲು ಹಾಸಿದ ಎರಡು ಖೋಲಿಯ ಮನೆಯಲ್ಲಿ ಹುಟ್ಟಿ ಬೆಳೆದವನು. ವಾಯುಮಂಡಲ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು, ಹದಿನೈದು ವರ್ಷ ಬೇರೆ ಬೇರೆ ಪ್ರಯೋಗಾಲಯಗಳಲ್ಲಿ ದುಡಿದು ಊರಿಗೆ ಮರಳಿದವನು. ನೂಲಿನೊಳಗೆ ಕೂದಲೆಳೆಗಿಂತ ಸಣ್ಣ ರಂಧ್ರಗಳಿರುವ ಒಂದು ಬಟ್ಟೆಯನ್ನು ಅವನು ತಯಾರಿಸಿದ್ದ. ಆ ಬಟ್ಟೆಯ ಒಂದು ಗೇಣಿನೊಳಗೆ ಒಂದು ಹೊಲದಷ್ಟು ಮೇಲ್ಮೈ ಅಡಗಿತ್ತು. ಅದನ್ನು ನಲವತ್ತು ಮೀಟರ್ ಎತ್ತರದ ಗೋಪುರಗಳಲ್ಲಿ ಇಳಿಬಿಟ್ಟು, ಊರಿನ ಬಚ್ಚಲು ನೀರನ್ನೇ ಶುದ್ಧ ಮಾಡಿ ಉಣಿಸಿದರೆ, ಬಿಸಿಗಾಳಿ ಮೇಲಿನಿಂದ ಹೊಕ್ಕು ತಂಪಾಗಿ, ಭಾರವಾಗಿ, ಕೆಳಗಿನಿಂದ ಬೀದಿಗೆ ಹರಿಯುತ್ತಿತ್ತು. ಅಂಥ ಗೋಪುರಗಳು ಇನ್ನೂರ ಹದಿನಾಲ್ಕು. ಅವುಗಳನ್ನು ನಡೆಸಲು ತಂಪುಗಾಳಿ ಪ್ರಾಧಿಕಾರ ಎಂಬ ಹೊಸ ಕಚೇರಿಯೇ ಹುಟ್ಟಿತು. ಅದರ ನಿಯಂತ್ರಣ ಕೋಣೆಗೆ ಸೂಗೂರೇಶನೇ ಮುಖ್ಯಸ್ಥನಾದ.

ಮೊದಲ ಬೇಸಿಗೆಯಲ್ಲೇ ಊರು ಬದಲಾಯಿತು. ಹೊರಗೆ ಹೊಲದಲ್ಲಿ ನಲವತ್ತಾರು ಡಿಗ್ರಿ ಇದ್ದರೆ ಊರೊಳಗೆ ಮೂವತ್ತಾರು. ಮಧ್ಯಾಹ್ನ ಹನ್ನೊಂದಕ್ಕೇ ಬಾಗಿಲು ಹಾಕುತ್ತಿದ್ದ ಅಂಗಡಿಗಳು ದಿನವಿಡೀ ತೆರೆದವು. ಮೇ ತಿಂಗಳ ಬಿಸಿಲಲ್ಲಿ ಮಕ್ಕಳು ಬೀದಿಯಲ್ಲಿ ಆಡಿದರು. ಸೂಗೂರೇಶ ಎಲ್ಲಿ ಹೋದರೂ ಶಾಲು, ಹಾರ. ಚಹಾ ಕುಡಿದರೆ ಹೋಟೆಲಿನವನು ದುಡ್ಡು ಮುಟ್ಟುತ್ತಿರಲಿಲ್ಲ. "ಊರಿಗೆ ನೆರಳಾದ ಮಗಾ ನೀನು," ಎಂದು ಮುದುಕಿಯರು ಅವನ ಕೆನ್ನೆ ಸವರಿ ನೆಟಿಗೆ ಮುರಿಯುತ್ತಿದ್ದರು. ಅವನಿಗೆ ಅದು ಹಿತವಾಗಿತ್ತು. ಎಷ್ಟು ಹಿತವಾಗಿತ್ತೆಂಬುದು ಅವನಿಗೇ ಆಗ ಗೊತ್ತಿರಲಿಲ್ಲ.

ಅವನ ಅಕ್ಕ ಚಂದ್ರಮ್ಮ ಬಜಾರಿನ ಹಿಂದಿನ ಓಣಿಯಲ್ಲಿ ಖಡಕ್ ರೊಟ್ಟಿ ಕೇಂದ್ರ ನಡೆಸುತ್ತಿದ್ದಳು. ನಾಲ್ಕು ಒಲೆ, ಹನ್ನೆರಡು ಹೆಂಗಸರು. ದಿನಕ್ಕೆ ಎರಡು ಸಾವಿರ ಜೋಳದ ರೊಟ್ಟಿ ತಟ್ಟಿ, ಬೇಯಿಸಿ, ಗಾಳಿಗಿಟ್ಟು ಹಪ್ಪಳದಂತೆ ಒಣಗಿಸಿ ಮದುವೆ ಮನೆಗಳಿಗೆ, ಖಾನಾವಳಿಗಳಿಗೆ ಕಳಿಸುತ್ತಿದ್ದರು. ಕೇಂದ್ರದ ಮೊದಲ ದಿನದಿಂದಲೂ ಅಲ್ಲಿದ್ದವಳು ನೀಲಮ್ಮ. ಅದಕ್ಕೂ ಮೊದಲು, ನೆರೆಮನೆಯವಳಾಗಿ, ತಾಯಿಯಿಲ್ಲದ ಸೂಗೂರೇಶನಿಗೆ ಸಣ್ಣವನಿದ್ದಾಗ ಹಾಲಲ್ಲಿ ರೊಟ್ಟಿ ಮುರಿದು ಉಣಿಸಿದ ಕೈ ಅವಳದು. ಅವಳ ಮಗಳು ಶಿವಲೀಲಾ ಹೊಲಿಗೆ ಕೆಲಸ ಮಾಡುತ್ತಿದ್ದಳು, ಅವನನ್ನು 'ಮಾಮಾ' ಎಂದೇ ಕರೆಯುತ್ತಿದ್ದಳು. ಗೋಪುರಗಳು ಬಂದ ಮೇಲೆ ಮಧ್ಯಾಹ್ನದಲ್ಲೂ ಒಲೆ ಮುಂದೆ ಕೂರಲು ಆಗುತ್ತದೆಂದು ಕೇಂದ್ರದ ಹೆಂಗಸರು ಖುಷಿಯಾಗಿದ್ದರು.

ನಿಯಂತ್ರಣ ಕೋಣೆಯ ಗೋಡೆಯ ಮೇಲೆ ಎರಡು ಅಂಕಿ ಹೊಳೆಯುತ್ತಿದ್ದವು. ಒಂದು ಒಣ ಅಂಕಿ. ಸಾಮಾನ್ಯ ಥರ್ಮಾಮೀಟರ್ ತೋರಿಸುವ ಉಷ್ಣತೆ. ಇನ್ನೊಂದು ಒದ್ದೆ ಅಂಕಿ. ಥರ್ಮಾಮೀಟರಿನ ತುದಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದರೆ ಅದು ಇಳಿದು ನಿಲ್ಲುವ ಜಾಗ. ಬೆವರಿದ ಮನುಷ್ಯನ ಮೈ ಎಂದರೆ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರೇ. ಗಾಳಿ ಒಣಗಿದ್ದರೆ ಬೆವರು ಆರುತ್ತದೆ, ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ಈಗಾಗಲೇ ನೀರಾವಿ ತುಂಬಿದ್ದರೆ ಬೆವರು ಹೋಗುವುದೆಲ್ಲಿಗೆ? ಮೈಮೇಲೇ ಇಳಿಯುತ್ತದೆ, ತಂಪು ಮಾತ್ರ ಆಗುವುದಿಲ್ಲ. ನಲವತ್ತಾರರ ಒಣ ಬಿಸಿಲಲ್ಲಿ ಕಂಬಳಿ ಹೊದ್ದು ಬದುಕುವ ಮನುಷ್ಯ, ಮೂವತ್ತಾರರ ತೇವದ ಗಾಳಿಯಲ್ಲಿ ನೆರಳಲ್ಲೇ ಕೂತು ಸಾಯಬಲ್ಲ. ಗೋಪುರಗಳು ಒಣ ಅಂಕಿಯನ್ನು ಇಳಿಸುತ್ತಿದ್ದವೇ ಹೊರತು ಒದ್ದೆ ಅಂಕಿಯನ್ನಲ್ಲ. ಬೀಸುವ ಗಾಳಿ ನೀರಾವಿಯನ್ನು ಹೊತ್ತೊಯ್ಯುತ್ತಿರುವವರೆಗೆ ಅದರಿಂದ ತೊಂದರೆ ಇರಲಿಲ್ಲ. ಗಾಳಿ ನಿಂತರೆ ನೀರಾವಿ ಊರಲ್ಲೇ ಕೂಡಿ, ಮೇಲಿನ ಬಿಸಿಲಿನ ಶಾಖವೂ ಸೇರಿ ಒದ್ದೆ ಅಂಕಿ ಏರುತ್ತಿತ್ತು.

ಇದೆಲ್ಲ ಸೂಗೂರೇಶನಿಗೆ ಅಂಗೈಯ ಗೆರೆಯಷ್ಟು ಪರಿಚಿತ. ಅದಕ್ಕೇ ಅವನು ಮೊದಲೇ ಒಂದು ನಿಯಮ ಬರೆದಿದ್ದ. ಒದ್ದೆ ಅಂಕಿ ಮೂವತ್ತು ಮುಟ್ಟಿದರೆ ಗೋಪುರಗಳು ತಾವಾಗಿಯೇ ನಿಲ್ಲಬೇಕು.

ಮೊದಲ ಬೇಸಿಗೆಯಲ್ಲಿ ಅವು ಆರು ಸಲ ನಿಂತವು. ನಿಂತಾಗಲೆಲ್ಲ ಎರಡು ತಾಸಿನಲ್ಲಿ ಒಣ ಅಂಕಿ ನಲವತ್ತಮೂರಕ್ಕೆ ಜಿಗಿಯುತ್ತಿತ್ತು. ತಂಪಿನ ರುಚಿ ಕಂಡ ಜನ ಸಿಟ್ಟಾದರು. ಆರನೆಯ ಸಲ ಯಾರೋ ಕಚೇರಿಯ ಗಾಜು ಒಡೆದರು. ಪ್ರಾಧಿಕಾರದ ಆಯುಕ್ತ ದೇಶಮುಖ್ ಸೂಗೂರೇಶನನ್ನು ಕರೆದು, ಎದುರು ಕೂರಿಸಿಕೊಂಡು, ನಯವಾಗಿಯೇ ಕೇಳಿದ್ದ.

"ಡಾಕ್ಟರ್ ಸಾಹೇಬ್ರ, ಈ ಮೂವತ್ತು ಅನ್ನೋದು ದೇವರು ಬರದಿದ್ದೇನ್ರಿ?"

"ಹಂಗೇನಿಲ್ಲ ಸರ್. ಪುಸ್ತಕದಾಗ ಮೂವತ್ತೈದು ಅಂತದ. ಆದ್ರ ಅದು ಗಟ್ಟಿಮುಟ್ಟಾದ ಹುಡುಗರನ್ನ ನೆರಳಿನಾಗ ಸುಮ್ಮ ಕುಂದರಿಸಿ ನೋಡಿದ ಲೆಕ್ಕ. ದುಡಿಯೋರಿಗೆ, ವಯಸ್ಸಾದೋರಿಗೆ ಮೂವತ್ತೊಂದೇ ಭಾರ."

"ಮೂವತ್ತೈದಕ್ಕ ಮೂವತ್ತಕ್ಕ ನಡುವ ಒಂದು ಜಾಗ ನೋಡ್ರಿ. ಜನ ನಿಮ್ಮನ್ನ ಇಷ್ಟು ನಂಬ್ಯಾರ. ಒಂದು ಬ್ಯಾಸಿಗ್ಯಾಗ ಆರು ಸಲ ಕೈಕೊಟ್ರ ಹ್ಯಾಂಗ?"

ದೇಶಮುಖ್ ಗದರಲಿಲ್ಲ, ಹೆದರಿಸಲಿಲ್ಲ. ಇದನ್ನು ಸೂಗೂರೇಶ ಆಮೇಲೆ ಎಷ್ಟೋ ಸಲ ನೆನೆಸಿಕೊಂಡ. ಗದರಿಸಿದ್ದರೆ ನೆಪ ನೇತುಹಾಕಲು ಒಂದು ಗೂಟವಾದರೂ ಸಿಗುತ್ತಿತ್ತು. ಮಿತಿಯನ್ನು ಮೂವತ್ತೆರಡೂವರೆಗೆ ಏರಿಸುವ ಆದೇಶವನ್ನು ಅವನೇ ಬರೆದ. ಅಷ್ಟೇ ಅಲ್ಲ, ಊರಿನ ಚೌಕಗಳಲ್ಲಿ ಉಷ್ಣತೆ ತೋರಿಸುತ್ತಿದ್ದ ಬೋರ್ಡುಗಳ ಮೇಲೆ ಎರಡು ಅಂಕಿ ಇದ್ದರೆ ಜನ ಗೊಂದಲಕ್ಕೆ ಬೀಳುತ್ತಾರೆ, ಒಣ ಅಂಕಿಯೊಂದೇ ಸಾಕು ಎಂದು ಒದ್ದೆ ಅಂಕಿಯನ್ನು ತೆಗೆಸಿದವನೂ ಅವನೇ. ಹಾಗೆ ಮಾಡೆಂದು ಅವನನ್ನು ಯಾರೂ ಕೇಳಿರಲಿಲ್ಲ.

ಎರಡನೆಯ ವರ್ಷದ ಏಪ್ರಿಲ್‌ನಲ್ಲಿ ಒಂದು ಭಾನುವಾರ ಅವನು ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದ. ಚಂದ್ರಮ್ಮ ಅವನ ತಾಟಿನಲ್ಲಿ ಒಂದು ಖಡಕ್ ರೊಟ್ಟಿ ಇಟ್ಟು, "ಮುರಿ ನೋಡೋಣ," ಎಂದಳು.

ಅವನು ಮುರಿಯಲು ಹೋದ. ರೊಟ್ಟಿ ಮುರಿಯಲಿಲ್ಲ, ಬಳುಕಿತು.

"ಮೂರು ದಿನ ಆತು ಬೇಯಿಸಿ," ಎಂದಳು ಚಂದ್ರಮ್ಮ. "ಇಪ್ಪತ್ತೊಂದು ವರ್ಷದಾಗ ಬ್ಯಾಸಿಗ್ಯಾಗ ರೊಟ್ಟಿ ಮೆತ್ತಗಾಗಿದ್ದು ನಾ ನೋಡಿಲ್ಲ. ಒಂದು ಗಂಟು ರೊಟ್ಟಿಗೆ ಬೂಸಲು ಬಂದದ. ಮದವಿ ಮನಿಯವ್ರು ಹೊಳ್ಳಿ ಕಳಿಸ್ಯಾರ."

ಮೂಲೆಯಲ್ಲಿ ಹಿಟ್ಟು ಸಾಣಿಸುತ್ತಿದ್ದ ನೀಲಮ್ಮ ತಲೆಯೆತ್ತಿದಳು. "ಕಿಟಕಿ ಮುಚ್ಚಿ ಕೂಲರ್ ಹಚ್ಚಿದಂಗ ಆಗ್ಯದ ನೋಡೋ ಸೂಗಪ್ಪ ನಮ್ಮೂರು. ತಂಪದ, ಇಲ್ಲ ಅನ್ನಂಗಿಲ್ಲ. ಆದ್ರ ಬೆವರು ಆರವಲ್ದು. ಮಾಳಿಗಿ ಮ್ಯಾಲ ಮಲಗಿದ್ರೂ ಕಲ್ಲು ಬೆಳಗಾದ್ರೂ ಬೆಚ್ಚಗೇ ಇರ್ತದ."

ಒಂದು ಕ್ಷಣ ಸೂಗೂರೇಶನ ಕೈ ತಾಟಿನಲ್ಲೇ ನಿಂತಿತು. ನೀರಾವಿ ಆಕಾಶಕ್ಕೆ ಹೊದಿಸಿದ ದುಪ್ಪಟಿ ಇದ್ದಂತೆ. ಒಣ ಹವೆಯಲ್ಲಿ ಹಗಲೆಲ್ಲ ಕಾದ ಕಲ್ಲು ತನ್ನ ಶಾಖವನ್ನು ಮೇಲಕ್ಕೆ ಬಿಟ್ಟುಕೊಟ್ಟು ನಸುಕಿಗೆ ತಣ್ಣಗಾಗುತ್ತದೆ. ನೀರಾವಿ ತುಂಬಿದರೆ ಆ ಶಾಖವನ್ನು ಅದು ತಡೆದು ಮರಳಿ ನೆಲಕ್ಕೇ ಕಳಿಸುತ್ತದೆ. ನೀಲಮ್ಮ ಹೇಳುತ್ತಿದ್ದದ್ದು ಅವನ ಉಪಕರಣಗಳು ಹೇಳಬೇಕಾಗಿದ್ದ ಮಾತನ್ನೇ. ಊರು ಗುಡ್ಡಕ್ಕೂ ನದಿಗೂ ನಡುವಿನ ಬೋಗುಣಿಯಲ್ಲಿತ್ತು. ಹಸಿ ಗಾಳಿ ಒಣ ಗಾಳಿಗಿಂತ ಹಗುರ, ಬೀದಿಯಲ್ಲಿ ಬೆಚ್ಚಗಾದ ಮೇಲೆ ತಾನಾಗಿ ಏರಿ ಹೋಗುತ್ತದೆಂದು ಅವನು ಲೆಕ್ಕ ಹಾಕಿದ್ದ. ಆದರೆ ಗೋಪುರದಿಂದ ಬಂದ ಹಸಿ ಗಾಳಿ ತಂಪಾಗಿಯೂ ಇತ್ತಲ್ಲ. ತಂಪಾದದ್ದು ಭಾರವಾಗಿ ಬೋಗುಣಿಯ ತಳದಲ್ಲೇ ಕೂತುಬಿಟ್ಟಿತ್ತು.

ಅವನು ನಕ್ಕುಬಿಟ್ಟ. "ರೊಟ್ಟಿ ಪ್ಲಾಸ್ಟಿಕ್ ಚೀಲದಾಗ ಹಾಕಿ ಗಟ್ಟಿ ಕಟ್ಟಿಡ್ರಿ, ಮೆತ್ತಗಾಗಂಗಿಲ್ಲ," ಎಂದ.

ನೀಲಮ್ಮನೂ ನಕ್ಕಳು. "ನೀ ಶಾಣ್ಯಾ ಇದ್ದೀಪಾ. ನಾವೇನು ಬಲ್ಲೆವು," ಎಂದು ಮತ್ತೆ ಜರಡಿ ಹಿಡಿದಳು.

ಮೇ ತಿಂಗಳ ಮೂರನೆಯ ವಾರ ಗಾಳಿ ನಿಂತಿತು. ಅರಬ್ಬಿ ಸಮುದ್ರದ ಕಡೆಯಿಂದ ತೇವದ ಹವೆ ಹಾದಿ ತಪ್ಪಿದಂತೆ ಒಳನಾಡಿಗೆ ನುಗ್ಗಿ, ಹೊನಗುಡ್ಡದ ಮೇಲೆ ಬಂದು ಮಲಗಿತು. ಸೋಮವಾರ, ಮಂಗಳವಾರ ಬೇವಿನ ಎಲೆಯೊಂದೂ ಅಲ್ಲಾಡಲಿಲ್ಲ. ಗೋಪುರಗಳು ತಮ್ಮ ಪಾಲಿನ ನೀರನ್ನು ಆವಿ ಮಾಡಿ ಅದೇ ಗಾಳಿಗೆ ಸುರಿಯುತ್ತಲೇ ಇದ್ದವು.

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಮೂರು ಬೇರೆ ನಗರಗಳ ಎಂಜಿನಿಯರುಗಳು, ಅಧಿಕಾರಿಗಳು ಯೋಜನೆ ನೋಡಲು ಬಂದರು. ತಮ್ಮ ಊರಲ್ಲೂ ಗೋಪುರ ಕಟ್ಟುವ ವಿಚಾರ ಅವರದು. ದೇಶಮುಖ್ ಹೊಸ ಕೋಟು ಹಾಕಿದ್ದ. ಸೂಗೂರೇಶ ಅವರಿಗೆ ಬಟ್ಟೆಯ ತುಂಡು ಕೈಗೆ ಕೊಟ್ಟು ವಿವರಿಸುತ್ತಿದ್ದಾಗ ಫರ್ಹಾನಾ ಬಂದು ಪಕ್ಕದಲ್ಲಿ ನಿಂತಳು. ಹವಾಮಾನದ ಲೆಕ್ಕ ನೋಡಿಕೊಳ್ಳುತ್ತಿದ್ದ ಅವಳು ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು.

"ಸರ್, ಒಂದು ನಿಮಿಷ." ಅವಳು ದನಿ ತಗ್ಗಿಸಿದಳು. "ಒದ್ದೆ ಅಂಕಿ ಮೂವತ್ತೆರಡು ದಾಟ್ಯದ. ಮುಂಜಾನಿ ನಸಿಕಿನ್ಯಾಗೂ ಇಳೀಲೇ ಇಲ್ಲ. ಈಗ ಬಂದ್ ಮಾಡಿಬಿಡೋಣ."

"ಮಿತಿ ಎಷ್ಟದ?"

"ಮೂವತ್ತೆರಡೂವರಿ. ಆದ್ರ ಸರ್, ಅದು ಏರಲಿಕತ್ತದ. ಗಾಳಿ ನಾಳಿವರೆಗೂ ಬರಂಗಿಲ್ಲ."

"ಮಿತಿಯೊಳಗೇ ಅದ. ಇವ್ರು ನಾಲ್ಕಕ್ಕ ಹೋಗ್ತಾರ. ಆಮ್ಯಾಲ ನೋಡೋಣ."

ಒಂದೂ ಹತ್ತಕ್ಕೆ ಒದ್ದೆ ಅಂಕಿ ಮೂವತ್ತೆರಡೂವರೆ ದಾಟಿತು. ಅವನ ಮೇಜಿನ ಪರದೆಯ ಮೇಲೆ ಕೆಂಪು ಚೌಕ ತೆರೆದುಕೊಂಡಿತು: 'ಅರವತ್ತು ಸೆಕೆಂಡಿನಲ್ಲಿ ಗೋಪುರಗಳು ನಿಲ್ಲುತ್ತವೆ.' ಅದರ ಕೆಳಗೆ ಒಂದು ಗುಂಡಿ: 'ತಡೆ'. ಉಪಕರಣ ಕೆಟ್ಟು ಸುಳ್ಳು ಅಂಕಿ ತೋರಿಸಿದರೆ ಮಾತ್ರ ಒತ್ತಲೆಂದು ಅವನೇ ಇಟ್ಟಿದ್ದ ಗುಂಡಿ. ಪಕ್ಕದ ಕೋಣೆಯಲ್ಲಿ ಅತಿಥಿಗಳು ಊಟಕ್ಕೆ ಕೂತಿದ್ದರು. ಯಾರೋ ಜೋರಾಗಿ, "ಬೀದ್ಯಾಗ ಮೂವತ್ತಾರು! ಮೇ ತಿಂಗಳದಾಗ!" ಎಂದದ್ದು ಕೇಳಿಸಿತು. ನಲವತ್ತು ಸೆಕೆಂಡು, ಮೂವತ್ತು. ಫರ್ಹಾನಾ ತನ್ನ ಮೇಜಿನಿಂದ ಎದ್ದು ನಿಂತು ಅವನನ್ನೇ ನೋಡುತ್ತಿದ್ದಳು.

ಸೂಗೂರೇಶ ಗುಂಡಿ ಒತ್ತಿದ.

ಗೋಪುರಗಳು ನಿಂತದ್ದು ಸಂಜೆ ನಾಲ್ಕೂ ಇಪ್ಪತ್ತಕ್ಕೆ, ಅತಿಥಿಗಳ ಕೊನೆಯ ಕಾರು ಗೇಟು ದಾಟಿದ ಮೇಲೆ. ಆಗ ಒದ್ದೆ ಅಂಕಿ ಮೂವತ್ಮೂರನ್ನೂ ದಾಟಿತ್ತು. ಗಾಳಿಯಿಲ್ಲದ ಊರಲ್ಲಿ ತುಂಬಿಟ್ಟ ನೀರಾವಿಗೆ ಹೋಗಲು ದಾರಿ ಇರಲಿಲ್ಲ.

ಐದೂವರೆಗೆ ಅಕ್ಕನ ಫೋನ್ ಬಂತು. ಅವಳು ಬರೀ ಅತ್ತಳು. ಫೋನನ್ನು ಬೇರೆ ಹೆಂಗಸು ತೆಗೆದುಕೊಂಡು ಹೇಳಿದಳು: ನೀಲಮ್ಮ ಒಲೆ ಮುಂದೆ ಕೂತವಳು ಹಾಗೇ ಪಕ್ಕಕ್ಕೆ ಒರಗಿದಳು, ದವಾಖಾನೆಗೆ ಒಯ್ಯುವುದರೊಳಗೆ ಮುಗಿದಿತ್ತು.

ದವಾಖಾನೆಯ ವರಾಂಡದಲ್ಲಿ ನೀಲಮ್ಮನೊಬ್ಬಳೇ ಇರಲಿಲ್ಲ. ಹಮಾಲರು, ಗಾರೆ ಕೆಲಸದವರು, ಮನೆಯಲ್ಲೇ ಮಲಗಿದ್ದ ಮುದುಕರು. ಅಂದಿನಿಂದ ಮೂರು ದಿನದಲ್ಲಿ ಸತ್ತವರು ಒಟ್ಟು ಮೂವತ್ತೊಂದು ಮಂದಿ. ದಣಿದಿದ್ದ ಡಾಕ್ಟರು ಸೂಗೂರೇಶನ ಗುರುತು ಹಿಡಿದು ಎದ್ದು ನಿಂತರು. "ಎಲ್ಲಾರಿಗೂ ಹೃದಯ ನಿಂತದ ಸರ್. ಬಿಸಿಲಿನ ಹೊಡೆತ ಅಂತ ಬರೀಬೇಕಂದ್ರ ಊರಾಗ ಮೂವತ್ತಾರೇ ಇತ್ತಲ್ರಿ, ನಿಮ್ಮ ಪುಣ್ಯದಿಂದ. ಯಾವುದೋ ಹೊಸ ಜ್ವರ ಇರಬೇಕು, ತಪಾಸಣಿಗೆ ಕಳಿಸೀವಿ."

ಸೂಗೂರೇಶ ತಲೆ ಆಡಿಸಿದ. ತಲೆ ಆಡಿಸಿದ್ದು ತಾನೇ ಎಂಬುದು ಅವನಿಗೆ ತಿಳಿದದ್ದು ಹೊರಗೆ ಬಂದ ಮೇಲೆ.

ಮೂರನೆಯ ದಿನ ನೀಲಮ್ಮನ ಮನೆಗೆ ಹೋದ. ಅಂಗಳದಲ್ಲಿ ಜಮಖಾನ ಹಾಸಿ ಗಂಡಸರು ಕೂತಿದ್ದರು. ಅವನನ್ನು ಕಂಡದ್ದೇ ಜಾಗ ಬಿಟ್ಟುಕೊಟ್ಟರು. "ಇವ್ರ ಗೋಪುರ ಇರಲಿಲ್ಲಂದ್ರ ಇನ್ನೆಷ್ಟು ಮಂದಿ ಹೋಗ್ತಿದ್ರೋ," ಎಂದು ಒಬ್ಬ ಹಿರಿಯ ಅವನ ಕೈ ಹಿಡಿದುಕೊಂಡ. ಆ ಕೈ ಒಣಗಿತ್ತು. ಅವತ್ತು ಗಾಳಿ ಬೀಸುತ್ತಿತ್ತು. ಸೂಗೂರೇಶನ ಕೈ ಮಾತ್ರ ಬೆವೆತಿತ್ತು. ಅದನ್ನು ಹಿಂದಕ್ಕೆಳೆದುಕೊಳ್ಳಲೂ ಅವನಿಗೆ ಆಗಲಿಲ್ಲ.

ಒಳಗೆ ಶಿವಲೀಲಾ ಗೋಡೆಗೆ ಆತು ಕೂತಿದ್ದಳು. ಅವನನ್ನು ನೋಡಿ ಸೆರಗು ಸರಿಮಾಡಿಕೊಂಡು ಹತ್ತಿರ ಬಂದಳು.

"ಮಾಮಾ, ನಿಮಗೊಬ್ಬರಿಗೇ ಹೇಳ್ತೀನಿ. ಅವತ್ತು ಅವ್ವ ಬ್ಯಾಡ ಅಂದಿದ್ಲು. ಎದಿ ಹಿಡಿದಂಗ ಆಗ್ಯದ, ಇವತ್ತೊಂದಿನ ಮನ್ಯಾಗ ಮಲಗ್ತೀನಿ ಅಂದ್ಲು. ನಾನೇ..." ಅವಳು ಕಿಟಕಿಯ ಕಡೆ ತಿರುಗಿದಳು. "ಕಿಟಕ್ಯಾಗ ನಿಂತು ಚೌಕದ ಬೋರ್ಡು ನೋಡಿದೆ. ಮೂವತ್ತಾರು ಅಂತಿತ್ತು. ಊರು ತಂಪದಬೇ, ಮದವಿ ಆರ್ಡರ್ ಅದ, ನೀ ಹೋಗದಿದ್ರ ಚಂದ್ರಮ್ಮ ಏನು ಮಾಡ್ಯಾಳು, ಹೋಗು ಅಂದೆ. ಮೈಗಳ್ಳಿ ಅಂತಾನೂ ಅಂದೆ. ನಗಚಾಟಿಕಿಗೆ ಅಂದಿದ್ದು ಮಾಮಾ. ಆದ್ರ ಅಂದೆ."

ಈಗ ಹೇಳಬೇಕು. ಬೋರ್ಡು ಸುಳ್ಳು, ಅದನ್ನು ಸುಳ್ಳು ಮಾಡಿದವನು ನಾನು ಎನ್ನಬೇಕು. ಬಾಗಿಲಲ್ಲಿ ನಿಂತ ಹೆಂಗಸರೆಲ್ಲ ಅವನನ್ನೇ, ಅದೇ ಗೌರವದಿಂದ ನೋಡುತ್ತಿದ್ದರು. ಅವನ ಬಾಯಿಂದ ಹೊರಬಿದ್ದದ್ದು ಬೇರೆಯೇ ಮಾತು.

"ಹಂಗ ಅನಕೋಬ್ಯಾಡವಾ. ಆಯುಷ್ಯ ಅಷ್ಟೇ ಇತ್ತು."

ಅಷ್ಟು ಹೇಳಿ, ಅವರು ಬಡಿಸಿದ್ದನ್ನು ಉಂಡು, ಕೈತೊಳೆದು ಬಂದ.

ಫರ್ಹಾನಾ ಕೆಲಸಕ್ಕೆ ಬರುತ್ತಿದ್ದಳು, ಆದರೆ ಅವನೊಡನೆ ಮಾತಾಡುತ್ತಿರಲಿಲ್ಲ. ಕೇಳಿದ್ದಕ್ಕೆ ಉತ್ತರವನ್ನು ಕಾಗದದಲ್ಲಿ ಬರೆದು ಮೇಜಿನ ಮೇಲಿಟ್ಟು ಹೋಗುತ್ತಿದ್ದಳು. ಒಂದು ಸಂಜೆ ಅವನೇ ತಡೆದು, "ಏನಾರ ಅನ್ರಿ," ಎಂದ.

"ನಾ ಏನನ್ಲಿ ಸರ್? ನಾನೂ ಆ ಕೋಣ್ಯಾಗ ನಿಂತಿದ್ದೆ. ಓಡಿಬಂದು ನಿಮ್ಮ ಕೈ ಹಿಡೀಬಹುದಿತ್ತು. ಸಾಹೇಬ್ರು, ನನಗಿಂತ ಬಲ್ಲೋರು ಅಂತ ಸುಮ್ಮನಾದೆ." ಅವಳು ಚೀಲ ಹೆಗಲಿಗೇರಿಸಿದಳು. "ಮನ್ಯಾಗ ನಮ್ಮ ಅಬ್ಬಾ ದಿನಾ ಕೇಳ್ತಾರ, ಅದೇನು ಜ್ವರ ಬಂದಿತ್ತಂತವಾ ಅಂತ. ನನಗ ಉಣ್ಣಾಕ ಆಗವಲ್ದು."

ದೇಶಮುಖ್‌ಗೆ ಎಲ್ಲ ಗೊತ್ತಾಗಿತ್ತು. ಸೂಗೂರೇಶ ಅವನ ಮುಂದೆ ನಿಂತಾಗ ಅವನು ಬಾಗಿಲು ಹಾಕಿಸಿದ. "ಸತ್ತವರು ಎದ್ದು ಬರ್ತಾರೇನ್ರಿ? ಮಿತಿ ಮತ್ತ ಮೂವತ್ತಕ್ಕ ಇಳಿಸ್ರಿ, ಬಾಯಿ ಮುಚ್ಚಿಕೊಂಡು ಇರ್ರಿ. ಯೋಜನಾ ಉಳೀಲಿ." ಅದೂ ಒಂದು ದಾರಿಯೇ ಎಂದು ಸೂಗೂರೇಶನಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ಮತ್ತೆ ನಾಚಿಕೆಯಾಯಿತು. ಈ ನಾಚಿಕೆಗೆ ತಳವೇ ಇರಲಿಲ್ಲ. ಒಂದು ಮೆಟ್ಟಿಲು ಇಳಿದರೆ ಕೆಳಗೆ ಇನ್ನೊಂದು ಮೆಟ್ಟಿಲು.

ಹನ್ನೊಂದನೆಯ ದಿನ ಚಂದ್ರಮ್ಮ ಬಂದಳು. ಅವಳು ಒಲೆ ಹಚ್ಚಿರಲಿಲ್ಲ, ಕೇಂದ್ರ ಮುಚ್ಚಿತ್ತು. "ಶಿವಲೀಲಾನ್ನ ಒಮ್ಮೆ ನೋಡಿ ಬಾರೋ ತಮ್ಮಾ," ಎಂದಳು. "ಹೊಟ್ಟಿಗೆ ತಗೊಳ್ಳವಲ್ಳು. ಮಷಿನ್ ಮುಟ್ಟವಲ್ಳು. ಅವ್ವನ್ನ ಕೊಂದಾಕಿ ನಾ ಅಂತಾಳ. ನಿನ್ನೆ ಹೊಳಿ ಕಡಿ ಹೊಂಟಿದ್ಲಂತ. ಬಾಜು ಮನಿಯವ್ರು ಹಿಡಕೊಂಡು ಬಂದ್ರು. ನಿನ್ನ ಮಾತು ಕೇಳ್ತಾಳ ಆಕಿ. ನೀ ಹೇಳಿದ್ರ ನಂಬ್ತಾಳ."

ಸೂಗೂರೇಶ ಚಪ್ಪಲಿ ಮೆಟ್ಟಿ ಅದೇ ಗಳಿಗೆ ಹೊರಟ. ಅಕ್ಕನೂ ಜೊತೆಗೆ ಬಂದಳು. ದಾರಿಯುದ್ದಕ್ಕೂ ಜನ ನಮಸ್ಕಾರ ಮಾಡಿದರು. ಅವನು ಯಾರಿಗೂ ತಿರುಗಿ ಕೈ ಮುಗಿಯಲಿಲ್ಲ.

ಶಿವಲೀಲಾ ಹೊಲಿಗೆ ಯಂತ್ರದ ಪಕ್ಕ ನೆಲದ ಮೇಲೆ ಕೂತಿದ್ದಳು. ಹನ್ನೊಂದು ದಿನದಲ್ಲಿ ಮುಖ ಅರ್ಧವಾಗಿತ್ತು. ಅವನು ಎದುರಿಗೆ ಕೂತ. ಚಂದ್ರಮ್ಮ ಬಾಗಿಲಲ್ಲೇ ನಿಂತಳು.

"ಶಿವಲೀಲಾ, ಬೋರ್ಡಿನ ಮ್ಯಾಲ ಇರೋದು ಅರ್ಧ ಅಂಕಿ. ಇನ್ನೊಂದು ಅಂಕಿ ಅದ. ಮನುಷ್ಯಾ ಉಳೀತಾನೋ ಇಲ್ಲೋ ಹೇಳೋದು ಅದು. ಮೊದಲು ಎರಡೂ ತೋರಿಸ್ತಿದ್ವಿ. ಅದನ್ನ ತೆಗಿಸಿದಾಂವ ನಾ."

ಅವಳು ಅರ್ಥವಾಗದೆ ನೋಡಿದಳು. ಅವನು ಬಿಡಿಸಿ ಹೇಳಿದ. ಬೆವರು ಯಾಕೆ ಆರಲಿಲ್ಲ, ಒಲೆಯ ಮುಂದೆ ಅವಳ ತಾಯಿಯ ಮೈಯೊಳಗೆ ಏನಾಯಿತು, ಮಿತಿ ಎಷ್ಟಿತ್ತು, ಅದನ್ನು ಏರಿಸಿದವರು ಯಾರು. ರೊಟ್ಟಿ ಮೆತ್ತಗಾದ ದಿನ ನೀಲಮ್ಮ ಹೇಳಿದ್ದು, ತಾನು ನಕ್ಕದ್ದು. ಕೊನೆಗೆ ಆ ಗುಂಡಿ. "ಒಂದೂ ಹತ್ತಕ್ಕ ಗೋಪುರ ತಾವೇ ನಿಲ್ಲಾಕ ಹೊಂಟಿದ್ವು. ನಾ ತಡದೆ. ಯಾಕಂದ್ರ ಮಂದಿ ನೋಡಾಕ ಬಂದಿದ್ರು. ಊರು ತಂಪದ ಅಂತ ಅವ್ರಿಗೆ ತೋರಿಸ್ಬೇಕಿತ್ತು. ನೀ ಮಾಡಿದ್ದು ಏನೂ ಇಲ್ಲ. ನೀ ಬೋರ್ಡು ನಂಬಿದಿ. ನಂಬಬೇಕಾದ್ದೇ ಅದು."

ಬಾಗಿಲಲ್ಲಿ ಚಂದ್ರಮ್ಮ ನಿಧಾನಕ್ಕೆ ಕೆಳಗೆ ಕೂತಳು. ತಮ್ಮನ ಕಡೆ ನೋಡದೆ, ಸೆರಗಿನಿಂದ ತನ್ನ ಮುಖವನ್ನು ಪೂರ್ತಿ ಮುಚ್ಚಿಕೊಂಡಳು.

ಶಿವಲೀಲಾ ಕೂಗಾಡುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದ. ಅವಳು ಕೇಳಿದ್ದು ಒಂದೇ ಮಾತು.

"ಮೂರನೇ ದಿನ ನೀವು ಬಂದಾಗ ಇದೆಲ್ಲ ಗೊತ್ತಿತ್ತೇನು ಮಾಮಾ?"

"ಗೊತ್ತಿತ್ತು."

"ನಾ ನಿಮ್ಮ ಮುಂದ ಅಳಕೋತ ಹೇಳಿದಾಗ?"

"ಹೌದು."

"ಆಯುಷ್ಯ ಅಷ್ಟೇ ಇತ್ತು ಅಂದ್ರಿ." ಅವಳ ದನಿ ಏರಲಿಲ್ಲ. "ಗುಂಡಿ ಒತ್ತಿದ್ದು ನನಗ ತಿಳಿಯಂಗಿಲ್ಲ. ದೊಡ್ಡ ಮಂದಿ, ದೊಡ್ಡ ಕೆಲಸ. ತಪ್ಪು ಆಗ್ತಾವ. ಆದ್ರ ಹನ್ನೊಂದು ದಿನ ನಾ ನಮ್ಮವ್ವನ್ನ ಕೊಂದೀನಿ ಅಂತ ಕುಂತಿದ್ದೆ. ಅದನ್ನ ನೀವು ನೋಡಿದ್ರಿ. ನೋಡಿ ಉಂಡು ಹೋದ್ರಿ."

ಗೋಪುರ, ನೀರಾವಿ, ಮಿತಿ ಎಂದು ಅವನು ಹೊತ್ತು ತಂದ ಅಪರಾಧವೆಲ್ಲ ಒಂದು ಕಡೆ ಉಳಿಯಿತು. ಅವಳು ಬೊಟ್ಟುಮಾಡಿದ ಜಾಗವನ್ನು ಅವನು ತನ್ನೊಳಗೆ ಇನ್ನೂ ನೋಡಿಯೇ ಇರಲಿಲ್ಲ.

"ನಾಳೆ ಪೇಪರ್‌ನಾಗ ಬರಸ್ತೀನಿ," ಎಂದ. "ಸರ್ಕಾರಕ್ಕ ಬರದು ಕೊಡ್ತೀನಿ. ಶಿಕ್ಷಾ ಏನಾದ್ರೂ ಆಗ್ಲಿ."

"ಬರಸ್ರಿ. ಪೇಪರ್ ಓದಾಕ ನಮ್ಮ ಓಣ್ಯಾಗ ಎಷ್ಟು ಮಂದಿಗಿ ಬರ್ತದ?" ಶಿವಲೀಲಾ ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. "ಇನ್ನ ಮೂವತ್ತು ಮನಿ ಅದಾವ. ಪ್ರತಿಯೊಂದು ಮನ್ಯಾಗೂ ನನ್ನಂಥಾಕಿ ಒಬ್ಬಾಕಿ ಕುಂತಿರ್ತಾಳ. ನೀರು ಕೊಡಲಿಲ್ಲಲ್ಲ, ಕೆಲಸಕ್ಕ ಯಾಕ ಕಳಿಸಿದೆ, ದವಾಖಾನಿಗೆ ಬೇಗ ಯಾಕ ಒಯ್ಯಲಿಲ್ಲ ಅಂತ. ನನಗ ಹೇಳಿದಂಗ ಅವ್ರಿಗೂ ಹೋಗಿ ಹೇಳ್ರಿ. ಎದುರಿಗಿ ಕುಂತು ಹೇಳ್ರಿ. ಆಮ್ಯಾಲ ನನಗ ಮಾಮಾ ಅನ್ನಾಕ ಬರ್ತದೇನು ನೋಡೋಣ."

ಮರುದಿನ ಅವನು ಹೇಳಿಕೆ ಬರೆದುಕೊಟ್ಟ. ಫರ್ಹಾನಾ ಆ ದಿನದ ಅಂಕಿಗಳ ದಾಖಲೆಯನ್ನು ತಾನೇ ಅದಕ್ಕೆ ಲಗತ್ತಿಸಿ, ತನ್ನ ಸಹಿಯನ್ನೂ ಹಾಕಿದಳು. ಸಂಜೆಯೊಳಗೆ ಇನ್ನೂರ ಹದಿನಾಲ್ಕು ಗೋಪುರಗಳಿಗೆ ಬೀಗ ಬಿತ್ತು, ವಿಚಾರಣೆಗೆ ಆದೇಶವಾಯಿತು, ಸೂಗೂರೇಶನ ಕೆಲಸ ಹೋಯಿತು. ದೇಶಮುಖ್ ರಜೆ ಹಾಕಿ ಊರು ಬಿಟ್ಟ. ಗೋಪುರ ನಿಂತ ಊರು ನಲವತ್ತೈದಕ್ಕೆ ಏರಿತು. ಜನ ಬೀದಿಗಿಳಿದರು. ಅವನ ಮನೆಯ ಬಾಗಿಲಿಗೆ ಸಗಣಿ ಎರಚಿದರು. ಸತ್ತವರಿಗಾಗಿ ಎರಚಿದರೆಂದು ಅವನು ಮೊದಲು ತಿಳಿದುಕೊಂಡಿದ್ದ. ಅಲ್ಲ, ಕೂಗು ಬೇರೆಯೇ ಇತ್ತು: "ಗೋಪುರ ಚಾಲೂ ಮಾಡ್ರಿ! ನಮ್ಮ ತಂಪು ನಮಗ ಕೊಡ್ರಿ!" ಪತ್ರಿಕೆಯಲ್ಲಿ ಬಂದದ್ದನ್ನು ಓದಿದವರಲ್ಲೂ ಅರ್ಧ ಮಂದಿ ನಂಬಲಿಲ್ಲ. ತಂಪಿನಲ್ಲಿ ಮನುಷ್ಯ ಸಾಯುತ್ತಾನೆಯೇ?

ಸೂಗೂರೇಶ ಹೆಸರುಗಳ ಪಟ್ಟಿ ಹಿಡಿದು ಬಿಸಿಲಲ್ಲಿ ಹೊರಟ. ಮೊದಲನೆಯ ಮನೆಯಲ್ಲಿ ಒಬ್ಬ ಗಂಡಸು ಅವನ ಕೊರಳಪಟ್ಟಿ ಹಿಡಿದು ಅಂಗಳದಿಂದ ನೂಕಿದ. ಎರಡನೆಯ ಮನೆಯಲ್ಲಿ ಹೆಣ್ಣುಮಗಳೊಬ್ಬಳು ಪೂರ್ತಿ ಕೇಳಿಸಿಕೊಂಡು, ಗೋಡೆಗೆ ತಲೆಯಿಟ್ಟು, "ಹಂಗಾರ ನಾ ಮಜ್ಜಿಗಿ ಕೊಟ್ಟಿದ್ದಕ್ಕ ಜೀವ ಹೋಗಿದ್ದಲ್ಲ," ಎಂದು ದೊಡ್ಡ ದನಿ ತೆಗೆದು ಅತ್ತಳು. ಆ ಅಳು ಮುಗಿಯುವವರೆಗೆ ಅವನು ಎದ್ದುಹೋಗಲಿಲ್ಲ.

ಮೂರನೆಯ ಮನೆ ಹಮಾಲರ ಓಣಿಯಲ್ಲಿತ್ತು. ಮಗನನ್ನು ಕಳೆದುಕೊಂಡ ಮುದುಕ ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಕೂತಿದ್ದ. ಪತ್ರಿಕೆ ಓದುವವನಲ್ಲ, ಬೀದಿಗಿಳಿದವನೂ ಅಲ್ಲ. ಕಣ್ಣಿಗೆ ಕೈ ಮರೆಮಾಡಿಕೊಂಡು ನೋಡಿ, ಗುರುತು ಹತ್ತಿದ್ದೇ ತಡ, ಗಡಬಡಿಸಿ ಎದ್ದ.

"ಅರೇ, ನಮ್ಮ ಗೋಪುರದ ಸಾಹೇಬ್ರು! ಇಂಥಾ ಬಿಸಲಾಗ ನಡಕೋತ ಬಂದೀರಿ? ಬರ್ರಿ, ಕುಂದರ್ರಿ ಮ್ಯಾಲ." ಒಳಗೆ ತಿರುಗಿ ಕೂಗಿದ, "ಏ ಸೊಸಿ, ಸಾಹೇಬ್ರಿಗೆ ನೀರು ಬೆಲ್ಲ ತಗೊಂಬಾ."

ಒಳಗಿನಿಂದ ತರುಣಿಯೊಬ್ಬಳು ತಂಬಿಗೆ ತುಂಬ ನೀರು, ಅಂಗೈಯಲ್ಲಿ ಬೆಲ್ಲದ ಚೂರು ಹಿಡಿದು ಬಂದಳು. ಹಣೆ ಬರಿದಾಗಿತ್ತು. ಸೂಗೂರೇಶನ ಗಂಟಲು ಆರಿ ಹೋಗಿತ್ತು. ಬೆಳಿಗ್ಗೆಯಿಂದ ಹನಿ ನೀರು ಕುಡಿದಿರಲಿಲ್ಲ. ಅವನು ಹೊರಸಿನ ಮೇಲೆ ಕೂರಲಿಲ್ಲ. ಅದರ ಪಕ್ಕ, ಮಣ್ಣಿನ ಮೇಲೆ, ಇಬ್ಬರ ಮುಖವೂ ಕಾಣುವಂತೆ ಕೂತ.

"ತಂಗೀ, ತಂಬಿಗಿ ಕೆಳಗಿಡವಾ," ಎಂದ. "ಮೊದಲು ನಾ ಹೇಳೋದು ಕೇಳ್ರಿ. ಕೇಳಿದ ಮ್ಯಾಲ ಕೊಡಬೇಕು ಅನಿಸಿದ್ರ ಕೊಡ್ರಿ."